ನೇರ ಗೆರೆಗೆ ಶಾಕ್ ಕೊಟ್ಟು ಪವಾಡ ಬರೆಯಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಕ್ರೈಸ್ತ ಸಸ್ಪೆನ್ಸ್ ಕಾದಂಬರಿಗಳ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಪರಿಚಯದ ಮಟ್ಟಿಗೆ ಚೆನ್ನಾಗಿದೆ. ಆದರೆ ಆ ಕಾದಂಬರಿಗಳಲ್ಲಿ ಆಂಬುಲೆನ್ಸ್, ಅಗ್ನಿಶಾಮಕ ಠಾಣೆ, ಆಸ್ಪತ್ರೆಯ ಕ್ಯಾಶುವಾಲಿಟಿ ಮತ್ತೆ ಮತ್ತೆ ಬರುತ್ತವಲ್ಲ, ಅದನ್ನೆಲ್ಲ ಬರೆಯುವುದು ಹೇಗೆ, ಎಡವುವುದು ಎಲ್ಲಿ ಎಂಬ ಮಾತು ಲೇಖನದಲ್ಲಿ ಬರಲೇ ಇಲ್ಲ. ಕನ್ನಡದಲ್ಲೂ ಇಂಥ ಕಥೆಗೆ ಕೈಹಾಕುವವರು ಇರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು, ಕ್ಷಮಿಸಬೇಕು.

ನಮ್ಮ ತಕರಾರು ಒಂದೇ. ಪವಾಡ ತೋರಿಸುವ ಆತುರದಲ್ಲಿ ವೈದ್ಯಕೀಯವನ್ನು ಸುಳ್ಳು ಮಾಡಿದರೆ ಪವಾಡವೂ ಸುಳ್ಳಾಗುತ್ತದೆ. ತುರ್ತು ಚಿಕಿತ್ಸೆಯ ಕ್ರಮವನ್ನು ಇದ್ದ ಹಾಗೆ ಬರೆದರೆ ಸಸ್ಪೆನ್ಸ್ ಅದರಲ್ಲೇ ಸಿಗುತ್ತದೆ. ವಿಶ್ವಾಸದ ಪರೀಕ್ಷೆಗೂ ಅಲ್ಲೇ ಜಾಗವಿದೆ.

ಅಮೆರಿಕದ ಕ್ರೈಸ್ತ ಪ್ರಕಾಶಕರ ಕಟ್ಟುಪಾಡು ಬಿಗಿ. ಬೈಗುಳ ಇರಬಾರದು, ಹಾಸಿಗೆಯ ದೃಶ್ಯ ಇರಬಾರದು, ಹಿಂಸೆಯನ್ನು ಚಪ್ಪರಿಸುತ್ತಾ ಬರೆಯಬಾರದು, ಮುಖ್ಯಪಾತ್ರದ ವಿಶ್ವಾಸ ಕಥೆಯೊಳಗೇ ಅಲುಗಾಡಬೇಕು. ಕ್ರೈಸ್ತ ಕಾದಂಬರಿಗಳಿಗೆಂದೇ 2000ದಲ್ಲಿ ಶುರುವಾದ ಕ್ರಿಸ್ಟಿ ಪ್ರಶಸ್ತಿಯಲ್ಲಿ ಸಸ್ಪೆನ್ಸ್‌ಗೂ ಜಾಗವಿದೆ. ಇಷ್ಟು ಬೇಲಿ ಹಾಕಿದ ಮೇಲೆ ಓದುಗನನ್ನು ಕುರ್ಚಿಯ ಅಂಚಿಗೆ ತಂದು ಕೂರಿಸುವುದು ಯಾವುದರಿಂದ? ಗಡಿಯಾರದಿಂದ. ಆಂಬುಲೆನ್ಸ್ ಕೆಲಸದಲ್ಲಿ ಗಡಿಯಾರ ಪುಕ್ಕಟೆ ಸಿಗುತ್ತದೆ. ಲೇಖಕರು ಅಲ್ಲಿಗೆ ಹೋಗುವುದು ಅದಕ್ಕೇ.

ಹೋದವರು ಮೊದಲು ಜಾರುವುದು ಒಂದೇ ಜಾಗದಲ್ಲಿ. ಮಾನಿಟರ್‌ನಲ್ಲಿ ನೇರ ಗೆರೆ, ಯಾರೋ ಕೂಗಿ ಶಾಕ್ ಕೊಡುತ್ತಾರೆ, ಆಗಲಿಲ್ಲ, ಇನ್ನೊಮ್ಮೆ ಕೊಡುತ್ತಾರೆ, ಆಗಲಿಲ್ಲ, ನಾಯಕಿ ಮಂಡಿಯೂರಿ ಪ್ರಾರ್ಥಿಸುತ್ತಾಳೆ, ಗೆರೆ ಕುಣಿಯುತ್ತದೆ, ರೋಗಿ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹೇಳುತ್ತಾನೆ. ಇದರಲ್ಲಿ ಸರಿಯಾದದ್ದು ಪ್ರಾರ್ಥನೆ ಒಂದೇ. ನೇರ ಗೆರೆ ಎಂದರೆ ಅಸಿಸ್ಟೊಲಿ, ಹೃದಯದಲ್ಲಿ ವಿದ್ಯುತ್ ಚಟುವಟಿಕೆಯೇ ಇಲ್ಲ. ಅದಕ್ಕೆ ಶಾಕ್ ಕೊಡುವುದಿಲ್ಲ. ಶಾಕ್ ಇರುವುದು ಎರಡು ಸ್ಥಿತಿಗೆ: ಹೃದಯ ಅಡ್ಡಾದಿಡ್ಡಿ ಕಂಪಿಸುತ್ತಾ ರಕ್ತ ತಳ್ಳದೆ ಇರುವ ವೆಂಟ್ರಿಕ್ಯುಲರ್ ಫಿಬ್ರಿಲೇಶನ್, ಮತ್ತು ನಾಡಿ ಸಿಗದಷ್ಟು ವೇಗವಾಗಿ ಓಡುವ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ. ಶಾಕ್ ಹೃದಯವನ್ನು ಶುರು ಮಾಡುವುದೂ ಇಲ್ಲ. ಗಲಾಟೆಯನ್ನು ಒಂದು ಕ್ಷಣ ಪೂರ್ತಿ ನಿಲ್ಲಿಸಿ, ಹೃದಯದ ಸ್ವಂತ ಲಯ ಮತ್ತೆ ಹಿಡಿತಕ್ಕೆ ಬರಲು ಅವಕಾಶ ಕೊಡುತ್ತದೆ. ಅಸಿಸ್ಟೊಲಿಯಲ್ಲಿ ಮಾಡುವುದು ಎದೆ ಒತ್ತುವುದು, 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್, ಮತ್ತು ಕಾರಣ ಹುಡುಕುವುದು. ಇದು ಗೊತ್ತಿರುವ ಓದುಗ ಆ ಪುಟದಲ್ಲಿ ನಕ್ಕುಬಿಡುತ್ತಾನೆ. ಅವನು ನಕ್ಕ ಮೇಲೆ ಮುಂದೆ ಬರುವ ಪವಾಡಕ್ಕೆ ಬೆಲೆ ಎಲ್ಲಿ?

ಹಾಗಾದರೆ ಆ ದೃಶ್ಯ ನಿಜಕ್ಕೂ ಹೇಗಿರುತ್ತದೆ? ಅಮೆರಿಕದ ಒಂದು ಸಣ್ಣ ಊರಿನ ಚರ್ಚಿನಲ್ಲಿ, ಆರಾಧನೆಯ ನಡುವೆ ಗಾಯಕವೃಂದದ ಹಿರಿಯನೊಬ್ಬ ಕುಸಿದು ಬಿದ್ದ ಎಂದುಕೊಳ್ಳಿ. ಮೊದಲ ಗೊಂದಲ ಉಸಿರಿನದು. ಹೃದಯ ನಿಂತ ಮೇಲೂ ಒಂದೆರಡು ನಿಮಿಷ ಮೀನು ಬಾಯಿ ಬಿಟ್ಟ ಹಾಗೆ ಆಗೊಮ್ಮೆ ಈಗೊಮ್ಮೆ ಏದುವುದುಂಟು. ಸುತ್ತ ನಿಂತವರು "ಉಸಿರಾಡ್ತಿದ್ದಾನೆ, ಮುಟ್ಟಬೇಡಿ" ಎನ್ನುತ್ತಾರೆ. ಅದು ಉಸಿರಾಟವಲ್ಲ. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಭಕ್ತಿವಂತ ಜನ ಸುತ್ತ ಕೈಹಿಡಿದು ನಿಂತು ಪ್ರಾರ್ಥಿಸುತ್ತಾ ಈ ನಿಮಿಷಗಳನ್ನು ಕಳೆದರೆ ಅದೇ ದೊಡ್ಡ ನಾಟಕ. ಖಳನಾಯಕನೇ ಬೇಕಿಲ್ಲ.

ಆಮೇಲೆ ಯಾರೋ ಅಂಗಿಯನ್ನು ಕತ್ತರಿಯಿಂದ ಸೀಳುತ್ತಾರೆ. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದೆ, 6 ದಾಟದೆ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ವಯಸ್ಸಾದವರಲ್ಲಿ ಮೊದಲ ಕೆಲವು ಒತ್ತಿಗೇ ಪಕ್ಕೆಲುಬು ಲಟಕ್ಕೆನ್ನುವುದು ಕೈಗೆ ಗೊತ್ತಾಗುತ್ತದೆ. ನಿಲ್ಲಿಸುವಂತಿಲ್ಲ. 30 ಒತ್ತು, 2 ಉಸಿರು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ಏಕೆಂದರೆ ಸುಸ್ತಾದವನಿಗೆ ತನ್ನ ಒತ್ತು ಆಳ ಕಳೆದುಕೊಂಡದ್ದು ಗೊತ್ತಾಗುವುದಿಲ್ಲ. ವಾಂತಿ ಬರಬಹುದು, ಬಾಯಿ ಪಕ್ಕಕ್ಕೆ ತಿರುಗಿಸಿ ತೆಗೆಯಬೇಕು. ತಾನೇ ಲಯ ನೋಡಿ ಶಾಕ್ ಕೊಡುವ ಎಇಡಿ ಪೆಟ್ಟಿಗೆ ಬಂತು: ಒಂದು ಪ್ಯಾಡ್ ಬಲ ಕಾಲರ್‌ಬೋನಿನ ಕೆಳಗೆ, ಇನ್ನೊಂದು ಎಡಗಂಕುಳಿನ ಕೆಳಗಿನ ಪಕ್ಕೆಗೆ. ಬೆವರು ಒರೆಸದೆ ಅಂಟಿಸಿದರೆ ಪ್ಯಾಡ್ ಕೂರುವುದಿಲ್ಲ. ಕುತ್ತಿಗೆಯಲ್ಲಿ ಶಿಲುಬೆಯ ಸರ ಇದ್ದರೆ? ಲೋಹದ ಮೇಲೆ ಪ್ಯಾಡ್ ಹಾಕುವ ಹಾಗಿಲ್ಲ, ಸರವನ್ನು ಭುಜದ ಹಿಂದಕ್ಕೆ ಸರಿಸಬೇಕು. ಕ್ರೈಸ್ತ ಕಾದಂಬರಿಕಾರನಿಗೆ ಇದಕ್ಕಿಂತ ಬೇರೆ ಸಂಕೇತ ಬೇಕೇ? ಆದರೂ ಬಹಳ ಜನ ಇದನ್ನು ಬಿಟ್ಟು, ರೋಗಿಯ ಎದೆಯ ಮೇಲೆ ಶಿಲುಬೆ ಮಿನುಗುತ್ತಿರುವಾಗಲೇ ಶಾಕ್ ಕೊಡಿಸುತ್ತಾರೆ.

ಈ ಗದ್ದಲದಲ್ಲಿ ಪ್ರಾರ್ಥನೆಗೆ ಸಮಯ ಎಷ್ಟು? ಲಯ ನೋಡಲು ಒತ್ತುವುದನ್ನು ನಿಲ್ಲಿಸುವ ಅವಧಿ 10 ಸೆಕೆಂಡ್ ಮೀರಬಾರದು. ಕೆಲಸ ಮಾಡುತ್ತಿರುವ ಪಾತ್ರದ ಬಾಯಲ್ಲಿ ಅರ್ಧ ಪುಟದ ಪ್ರಾರ್ಥನೆ ಇಟ್ಟರೆ ಅಷ್ಟು ಹೊತ್ತು ಎದೆ ಒತ್ತಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. "ಕರ್ತನೇ, ಕರುಣಿಸು" ಎಂಬ ಎರಡು ಪದ ಒತ್ತಿನ ಲಯದೊಳಗೇ ಕೂರುತ್ತವೆ. ಉದ್ದದ ಪ್ರಾರ್ಥನೆ ಬೇಕಿದ್ದರೆ ಹೊರಗೆ ಕಾರಿಡಾರಿನಲ್ಲಿ ನಿಂತ ಹೆಂಡತಿಗೆ ಕೊಡಿ. ಅವಳಿಗೆ ಮಾಡಲು ಬೇರೇನೂ ಇಲ್ಲ.

ನಾಡಿ ಮರಳಿತು ಎಂದೇ ಇಟ್ಟುಕೊಳ್ಳೋಣ. ಅದರ ಮೊದಲ ಸುಳಿವು ಬರುವುದು ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಫಿಯಿಂದ. 12, 14 ಎಂದು ತೆವಳುತ್ತಿದ್ದ ಅಂಕಿ ಇದ್ದಕ್ಕಿದ್ದಂತೆ 40ಕ್ಕೆ ಜಿಗಿಯುತ್ತದೆ. ಕೋಣೆಯಲ್ಲಿ ಆ ಅಂಕಿಯ ಅರ್ಥ ಗೊತ್ತಿರುವವರು ಇಬ್ಬರೋ ಮೂವರೋ. ಸಸ್ಪೆನ್ಸ್ ಬರೆಯುವವರು ಇಂಥದ್ದನ್ನು ಬಿಡಬಾರದು. ಆದರೆ ಜಿಗಿತ ಕಂಡ ಮಾತ್ರಕ್ಕೆ ರೋಗಿ ಎದ್ದು ಕೂರುವುದಿಲ್ಲ. ಹೆಚ್ಚಿನವರಿಗೆ ಪ್ರಜ್ಞೆ ಬರುವುದಿಲ್ಲ. ವೆಂಟಿಲೇಟರ್, ಬಿಪಿ ಹಿಡಿಯಲು ಡ್ರಿಪ್, ಜ್ವರ ಏರದಂತೆ ದೇಹದ ಉಷ್ಣತೆಯ ನಿಯಂತ್ರಣ. ಮೆದುಳು ಎಷ್ಟು ಉಳಿದಿದೆ ಎಂದು ತೀರ್ಮಾನಿಸಲು ದೇಹದ ಉಷ್ಣತೆ ಸಾಮಾನ್ಯಕ್ಕೆ ಬಂದ ಮೇಲೆ ಕನಿಷ್ಠ 72 ಗಂಟೆ ಕಾಯಬೇಕು ಎಂಬುದು ಇಂದಿನ ಮಾರ್ಗಸೂಚಿ. ಮೂರು ದಿನ. ಯೇಸು ಮೂರನೆಯ ದಿನ ಎದ್ದದ್ದನ್ನು ಬೈಬಲ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾದಂಬರಿಕಾರರೂ ಬಿಡಿಸಿ ಹೇಳಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ವಾರ ಯಾವುದೆಂದು ತೋರಿಸಿ ಸುಮ್ಮನಿದ್ದರೆ ಸಾಕು. ಆ ಮೂರು ದಿನವನ್ನು ಮೂರು ಸಾಲಿನಲ್ಲಿ ಮುಗಿಸಿ "ದೇವರ ಚಿತ್ತ" ಎಂದು ಅಧ್ಯಾಯ ಮುಚ್ಚುವವರು ತಮ್ಮ ಕಾದಂಬರಿಯ ಅತ್ಯುತ್ತಮ ಭಾಗವನ್ನು ತಾವೇ ಎಸೆಯುತ್ತಿದ್ದಾರೆ.

ಸತ್ತವನು ಎದ್ದ ಎಂದೇ ಬರೆಯಬೇಕು ಎಂಬ ಹಟ ಇದ್ದವರಿಗೂ ವೈದ್ಯಕೀಯದಲ್ಲಿ ದಾರಿ ಇದೆ. ಎದೆ ಒತ್ತುವುದನ್ನು ನಿಲ್ಲಿಸಿ, ಸಾವು ಎಂದು ಬರೆದ ಮೇಲೆ, ಹೃದಯ ತಾನಾಗಿ ಬಡಿಯಲು ಶುರು ಮಾಡಿದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ 1982ರಿಂದ ದಾಖಲಾಗಿವೆ. 1993ರಲ್ಲಿ ಅದಕ್ಕೆ, ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನ ಹೆಸರನ್ನೇ ಇಟ್ಟರು. ಬಹಳ ಅಪರೂಪ. ಕೈಯಿಂದ ಹಿಸುಕಿ ಉಸಿರು ಕೊಡುವ ಅಂಬು ಬ್ಯಾಗ್‌ನಿಂದ ಜೋರಾಗಿ ಗಾಳಿ ತುಂಬಿದಾಗ ಎದೆಯೊಳಗೆ ಒತ್ತಡ ಹೆಚ್ಚಿ ರಕ್ತ ಹೃದಯಕ್ಕೆ ಮರಳದೆ, ಬ್ಯಾಗ್ ತೆಗೆದಾಗ ಮರಳುವುದು ಒಂದು ವಿವರಣೆ. ಕೊಟ್ಟ ಔಷಧ ತಡವಾಗಿ ಹೃದಯ ತಲುಪುವುದು ಇನ್ನೊಂದು. ಹೀಗಾಗಿ ಎಲ್ಲ ನಿಲ್ಲಿಸಿದ ಮೇಲೂ 10 ನಿಮಿಷ ಮಾನಿಟರ್ ತೆಗೆಯದೆ ಕಾಯಬೇಕು ಎನ್ನುತ್ತಾರೆ. ಆ 10 ನಿಮಿಷ ಒಂದಿಡೀ ಅಧ್ಯಾಯಕ್ಕೆ ಸಾಕು. ಬೇಥಾನ್ಯದ ಲಾಜರ ನಾಲ್ಕು ದಿನ ಸಮಾಧಿಯಲ್ಲಿದ್ದವನು, ಬೈಬಲಿನ ಯೋಹಾನ 11ರಲ್ಲಿ ಅವನ ಸೋದರಿ ಮಾರ್ಥಳೇ ವಾಸನೆಯ ಮಾತೆತ್ತುತ್ತಾಳೆ. ಇದನ್ನೂ ಅದನ್ನೂ ಒಂದೇ ಎಂದು ಪಾತ್ರ ಕೂಗಿ ಹೇಳಿದರೆ ಕೆಟ್ಟಿತು. ಒಬ್ಬ ನರ್ಸ್ ಒಂದು ಎನ್ನಲಿ, ಡಾಕ್ಟರು ಇನ್ನೊಂದು ಎನ್ನಲಿ, ಲೇಖಕ ಪಂಚಾಯಿತಿ ಮಾಡದಿರಲಿ.

ಹಾಗೆಯೇ 2 ಅರಸುಗಳು 4ರಲ್ಲಿ ಪ್ರವಾದಿ ಎಲೀಷನು ಶೂನೇಮ್ ಊರಿನ ಸತ್ತ ಮಗುವಿನ ಬಾಯಿಗೆ ಬಾಯಿಟ್ಟು ಮಲಗಿದ್ದನ್ನು, ಮಗು ಏಳು ಸಲ ಸೀನಿದ್ದನ್ನು ಕೃತಕ ಉಸಿರಾಟದ ಪಾಠವಾಗಿ ಬಳಸುವವರಿದ್ದಾರೆ. ಒಮ್ಮೆ ಬಳಸಿದರೆ ಸೊಗಸು. ಪ್ರತಿ ಕಥೆಯಲ್ಲೂ ಬಂದರೆ ಬೇಸರ. ಆಂಬುಲೆನ್ಸ್ ಮೇಲಿನ ಆರು ತೋಳಿನ ನೀಲಿ ನಕ್ಷತ್ರದಲ್ಲಿರುವ ಹಾವನ್ನು ಬೈಬಲಿನ ಅರಣ್ಯಕಾಂಡ 21ರ ತಾಮ್ರದ ಸರ್ಪ ಎಂದು ಬರೆಯುವವರೂ ಗಮನಿಸಲಿ, ಅದು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೋಲು.

ಈಗ ಟ್ರಯಾಜ್, ಅಂದರೆ ಗಾಯಾಳುಗಳು ಹೆಚ್ಚಿದ್ದಾಗ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವುದು. ನಮಗೆ ಕೇಳಿದರೆ ಕ್ರೈಸ್ತ ಸಸ್ಪೆನ್ಸ್‌ಗೆ ಇದಕ್ಕಿಂತ ಗಟ್ಟಿ ವಸ್ತು ತುರ್ತು ಚಿಕಿತ್ಸೆಯಲ್ಲಿ ಇನ್ನೊಂದಿಲ್ಲ, ಆದರೆ ಬರೆದವರು ಕಡಿಮೆ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ರೂಪುಗೊಂಡ ಸ್ಟಾರ್ಟ್ ಪದ್ಧತಿಯನ್ನೇ ನೋಡಿ. ಬಸ್ ಉರುಳಿದೆ, 40 ಮಂದಿ ಬಿದ್ದಿದ್ದಾರೆ, ಮೊದಲು ತಲುಪಿದ್ದು ಇಬ್ಬರ ಒಂದು ತಂಡ. "ನಡೆಯಬಲ್ಲವರು ಈ ಕಡೆ ಬನ್ನಿ" ಎಂದು ಕೂಗುತ್ತಾರೆ. ಬಂದವರಿಗೆ ಹಸಿರು ಚೀಟಿ. ಉಳಿದವರಲ್ಲಿ ಒಬ್ಬೊಬ್ಬರಿಗೆ ಅರ್ಧ ನಿಮಿಷದ ಲೆಕ್ಕ. ಉಸಿರು ನಿಮಿಷಕ್ಕೆ 30 ದಾಟಿದ್ದರೆ ಕೆಂಪು, ಅಂದರೆ ಮೊದಲ ಚಿಕಿತ್ಸೆ ಇವರಿಗೆ. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚಾದರೆ ಕೆಂಪು. "ನನ್ನ ಕೈ ಹಿಸುಕಿ" ಎಂದರೆ ಮಾಡದಿದ್ದರೆ ಕೆಂಪು. ಮೂರೂ ಸರಿ ಇದ್ದು ನಡೆಯಲಾಗದಿದ್ದರೆ ಹಳದಿ, ಸ್ವಲ್ಪ ಕಾಯಬಹುದು. ಉಸಿರಿಲ್ಲದಿದ್ದರೆ ಗಲ್ಲ ಎತ್ತಿ ಶ್ವಾಸನಾಳ ತೆರೆಯುತ್ತಾರೆ. ಉಸಿರು ಬಂದರೆ ಕೆಂಪು, ಬರದಿದ್ದರೆ ಕಪ್ಪು. ಕಪ್ಪು ಚೀಟಿ ಕಟ್ಟಿ ಮುಂದಿನವನ ಹತ್ತಿರ ಹೋಗಬೇಕು. ಎದೆ ಒತ್ತುವುದಿಲ್ಲ. ಆ ಕ್ಷಣದಲ್ಲಿ ಒಬ್ಬನಿಗಾಗಿ ಕೂತರೆ ಕೆಂಪು ಚೀಟಿಯ ಮೂವರು ಹೋಗುತ್ತಾರೆ.

ಲೂಕ 15ರ ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದವನು. ಟ್ರಯಾಜ್ ಮಾಡುವವನು ತೊಂಬತ್ತೊಂಬತ್ತಕ್ಕಾಗಿ ಒಂದನ್ನು ಬಿಡಬೇಕು. ಭಾನುವಾರದ ಶಾಲೆಯಲ್ಲಿ ಆ ಸಾಮತಿಯ ಕಥೆ ಕಲಿಸಿದವಳೇ ಸೋಮವಾರ ಕಪ್ಪು ಚೀಟಿ ಕಟ್ಟುವ ಇಎಂಟಿ (ಆಂಬುಲೆನ್ಸ್‌ನ ತುರ್ತು ಚಿಕಿತ್ಸಾ ತಂತ್ರಜ್ಞೆ) ಆಗಿದ್ದರೆ, ಅವಳ ವಿಶ್ವಾಸದ ಬಿಕ್ಕಟ್ಟಿಗೆ ಲೇಖಕ ಬೇರೆ ಕಾರಣ ಹುಡುಕಬೇಕಿಲ್ಲ. ಆ ಕಪ್ಪು ಚೀಟಿಯವನೇ ಪ್ರಕರಣದ ಮುಖ್ಯ ಸಾಕ್ಷಿಯಾಗಿದ್ದ ಎಂದು ಸಂಜೆ ಗೊತ್ತಾಗಲಿ, ಸಸ್ಪೆನ್ಸ್ ಅಲ್ಲಿಂದ ಶುರು.

ರಕ್ತವನ್ನು ಚೆಲ್ಲಾಡದೆ ಭಯ ಹುಟ್ಟಿಸುವುದೂ ಸಾಧ್ಯ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. 750 ಮಿಲಿಲೀಟರ್ ಹೋದರೂ ಹೊರನೋಟಕ್ಕೆ ಹೆಚ್ಚೇನೂ ಗೊತ್ತಾಗದು. ಆರೋಗ್ಯವಂತ ಯುವಕನ ಬಿಪಿ ಒಂದೂವರೆ ಲೀಟರ್ ಹೋಗುವವರೆಗೂ ಹಿಡಿದುಕೊಂಡಿರಬಹುದು. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಮೊದಲೇ ನಾಡಿ ಏರಿರುತ್ತದೆ, ಚರ್ಮ ತಣ್ಣಗೆ ಜಿಗುಟಾಗಿರುತ್ತದೆ, ಬಿಪಿಯ ಮೇಲಿನ ಕೆಳಗಿನ ಅಂಕಿಗಳ ಅಂತರ ಕಿರಿದಾಗುತ್ತದೆ, ಮತ್ತು ರೋಗಿಗೆ ಕಾರಣವಿಲ್ಲದೆ ಗಾಬರಿ. "ಬಿಪಿ ನಾರ್ಮಲ್ ಇದೆ" ಎಂದು ಎಲ್ಲರೂ ನಿಟ್ಟುಸಿರು ಬಿಟ್ಟಾಗ ಅನುಭವಿ ನರ್ಸ್ ಒಬ್ಬಳೇ ನಾಡಿ ಬಿಡದೆ ನಿಂತಿರುತ್ತಾಳೆ. ತಲೆಗೆ ಪೆಟ್ಟು ಬಿದ್ದವನೂ ಹೀಗೆಯೇ. ಎದ್ದು ಮಾತಾಡಿ, ನೀರು ಕುಡಿದು, ಗಂಟೆಗಳ ಮೇಲೆ ತಲೆಬುರುಡೆಯೊಳಗೆ ರಕ್ತ ಕಟ್ಟಿ ಬೀಳಬಹುದು. ತಲೆಗೆ ಹೊಡೆದು ಅರ್ಧ ದಿನ ಪ್ರಜ್ಞೆ ತಪ್ಪಿಸಿ, ಆಮೇಲೆ ಏನೂ ಆಗದವನ ಹಾಗೆ ನಾಯಕನನ್ನು ಓಡಿಸುವುದು ಮಾತ್ರ ಆಗದ ಮಾತು. ಅಷ್ಟು ಹೊತ್ತು ಎಚ್ಚರ ತಪ್ಪಿದ್ದರೆ ಮೆದುಳಿಗೆ ದೊಡ್ಡ ಪೆಟ್ಟಾಗಿದೆ ಎಂದೇ ಅರ್ಥ. ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಹಾಕಿ ಎರಡು ಸೆಕೆಂಡಿನಲ್ಲಿ ಬೀಳಿಸುವುದೂ ಅದೇ ಜಾತಿಗೆ ಸೇರಿದ್ದು.

ದೆವ್ವ ಹಿಡಿಯುವ ಕಥೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ರೈಸ್ತ ಸಸ್ಪೆನ್ಸ್‌ನಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆ ಇದೆ. ಆದರೆ ಬೆವರುತ್ತಾ, ಬೈಯುತ್ತಾ, ಯಾರನ್ನೂ ಗುರುತಿಸದೆ ಹೊಡೆಯಲು ಬರುವವನ ಬೆರಳು ಚುಚ್ಚಿ ಮೊದಲು ಸಕ್ಕರೆ ನೋಡಬೇಕು. ನಮ್ಮ ಕಡೆ ಜಿಆರ್‌ಬಿಎಸ್ ಎನ್ನುವುದು ಇದನ್ನೇ. ಅದು ತೀರಾ ಇಳಿದು 40 ಇದ್ದರೆ 25 ಗ್ರಾಂ ಗ್ಲುಕೋಸ್, ಅಂದರೆ 25 ಶೇಕಡಾ ಡೆಕ್ಸ್‌ಟ್ರೋಸ್ 100 ಮಿಲಿಲೀಟರ್, ರಕ್ತನಾಳಕ್ಕೆ ಹೋಗುತ್ತಿದ್ದಂತೆ ನಿಮಿಷಗಳಲ್ಲಿ ಮನುಷ್ಯ "ಏನಾಯ್ತು?" ಎಂದು ಕೇಳುತ್ತಾನೆ. ಪಾಸ್ಟರ್ ತಲೆಯ ಮೇಲೆ ಕೈಯಿಟ್ಟ ಹೊತ್ತಿಗೇ ಡ್ರಿಪ್ ಕೂಡ ಓಡುತ್ತಿತ್ತು ಎಂದರೆ ಕಥೆಗೆ ಎರಡು ಬಾಗಿಲು ಸಿಕ್ಕ ಹಾಗೆ. ಹಳ್ಳಿಯ ಹಿನ್ನೆಲೆಗೆ ಕೀಟನಾಶಕ ಸೇವನೆಯ ಪ್ರಕರಣವೂ ಇಂಥದ್ದೇ. ಸೂಜಿಮೊನೆಯಷ್ಟಾದ ಕಣ್ಣಪಾಪೆ, ಬಾಯಿತುಂಬ ಜೊಲ್ಲು, ಎದೆಯಲ್ಲಿ ಗೊರಗೊರ, ವಾರ್ಡಿಗೆಲ್ಲ ಬೆಳ್ಳುಳ್ಳಿಯಂಥ ವಾಸನೆ. ಇದಕ್ಕೆ ಮದ್ದು ಅಟ್ರೋಪಿನ್; ಇಲ್ಲಿ ಅದರ ಆಂಪ್ಯೂಲ್ (ಗಾಜಿನ ಪುಟ್ಟ ಸೀಸೆ) ಒಂದಕ್ಕೆ 0.6 ಮಿಲಿಗ್ರಾಂ. ಮೊದಲ ಡೋಸ್ 3 ಮಿಲಿಗ್ರಾಂ ಎಂದರೆ 5 ಆಂಪ್ಯೂಲ್, ಎದೆ ತಿಳಿಯಾಗದಿದ್ದರೆ 5 ನಿಮಿಷಕ್ಕೆ ದುಪ್ಪಟ್ಟು, 10 ಆಂಪ್ಯೂಲ್, ಮತ್ತೆ 20. ಒಬ್ಬ ನರ್ಸ್ ಬರೀ ಗಾಜಿನ ಕತ್ತು ಮುರಿಯುತ್ತಾ ನಿಂತಿರುತ್ತಾಳೆ, ಟ್ರೇಯಲ್ಲಿ ಒಡೆದ ಆಂಪ್ಯೂಲ್ ರಾಶಿ. ಅಟ್ರೋಪಿನ್ ಹೆಚ್ಚಾದರೆ ರೋಗಿ ಗಾಳಿಯಲ್ಲಿ ಏನೋ ಹಿಡಿಯಲು ಹೋಗುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ. ಆ ಗೊಣಗಾಟದಲ್ಲಿ ಒಂದು ಹೆಸರು ಬಂದರೆ ಅದು ಸಾಕ್ಷ್ಯವೋ ಭ್ರಮೆಯೋ? ಬರೆಯುವವರು ಕೀಟನಾಶಕದ ಹೆಸರನ್ನೂ ಕುಡಿದ ಪ್ರಮಾಣವನ್ನೂ ಹಾಕದಿರುವುದು ಒಳ್ಳೆಯದು; ಕಥೆಗೆ ಅದರಿಂದ ಏನೂ ಸೇರುವುದಿಲ್ಲ.

ಅಮೆರಿಕದ ಹಿನ್ನೆಲೆಯಲ್ಲಿ ಬರೆದರೆ ಅಫೀಮು ಜಾತಿಯ ಮಾದಕದ ಅತಿಸೇವನೆ ಬಂದೇ ಬರುತ್ತದೆ. ಮೂಗಿಗೆ ನಲಾಕ್ಸೋನ್ ಸಿಂಪಡಿಸಿದರೆ ಉಸಿರು ನಿಂತಂತಿದ್ದವನು ಎರಡು ಮೂರು ನಿಮಿಷದಲ್ಲಿ ಏಳುತ್ತಾನೆ, ಎದ್ದು ಥ್ಯಾಂಕ್ಸ್ ಹೇಳುವ ಬದಲು ಸಿಟ್ಟಾಗುವುದೇ ಹೆಚ್ಚು. ನಲಾಕ್ಸೋನ್ ಕೆಲಸ 30ರಿಂದ 90 ನಿಮಿಷ. ಕೆಲವು ಮಾದಕಗಳು ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತವೆ. ಸಹಿ ಹಾಕಿ ಎದ್ದುಹೋದ ಸಾಕ್ಷಿ ಒಂದು ಗಂಟೆಯ ನಂತರ ಎಲ್ಲೋ ಒಬ್ಬನೇ ಇದ್ದಾಗ ಮತ್ತೆ ಮುಳುಗಬಹುದು.

ಅಪರಾಧದ ಕಥೆಯಾದರೆ ಆಂಬುಲೆನ್ಸ್‌ನವರ ಕೈಯಲ್ಲೇ ಸಾಕ್ಷ್ಯ ಉಳಿಯುತ್ತದೆ ಅಥವಾ ಹಾಳಾಗುತ್ತದೆ. ಅಂಗಿ ಕತ್ತರಿಸುವಾಗ ಗುಂಡಿನ ಅಥವಾ ಚಾಕುವಿನ ತೂತಿನ ಮೂಲಕ ಕತ್ತರಿ ಹಾಯಬಾರದು. ರಕ್ತದ ಬಟ್ಟೆ ಕಾಗದದ ಚೀಲಕ್ಕೆ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಗುಂಡು ಒಳಹೊಕ್ಕ ಗಾಯ ಯಾವುದು, ಹೊರಬಿದ್ದದ್ದು ಯಾವುದು ಎಂದು ಇಎಂಟಿ ಬರೆಯಬಾರದು. ಎಲ್ಲಿ, ಎಷ್ಟು ದೊಡ್ಡದು, ಅಂಚು ಹೇಗಿದೆ ಎಂದಷ್ಟೇ ಬರೆಯಬೇಕು. ಇದನ್ನು ತಪ್ಪಿಸಿದ ಪಾತ್ರ ಆಮೇಲೆ ಕೋರ್ಟಿನಲ್ಲಿ ಬೆವರುತ್ತಾನೆ. ಹೊಕ್ಕ ಚಾಕುವನ್ನು ನಾಯಕ ಕಿತ್ತೆಸೆಯುವ ದೃಶ್ಯವನ್ನಂತೂ ದಯವಿಟ್ಟು ಬಿಡಿ. ಚಾಕು ಅಲ್ಲಾಡದಂತೆ ಸುತ್ತ ಬಟ್ಟೆ ಒತ್ತಿ ಕಟ್ಟಿ ಹಾಗೇ ಕರೆದೊಯ್ಯುತ್ತಾರೆ.

ಅಮೆರಿಕದ ದೃಶ್ಯವನ್ನು ಎತ್ತಿ ಕರ್ನಾಟಕದಲ್ಲಿ ನೆಡುವವರಿಗೆ ಕಾದಿರುವ ಗುಂಡಿಗಳು ಬೇರೆ. ಅಲ್ಲಿನ ಪ್ಯಾರಾಮೆಡಿಕ್ ಲಿಖಿತ ನಿಯಮಾವಳಿಯ ಪ್ರಕಾರ ಸ್ಥಳದಲ್ಲೇ ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತಾನೆ, ಔಷಧ ಕೊಡುತ್ತಾನೆ, ಹೃದಯ ನಿಂತವನಿಗೆ ಬಿದ್ದಲ್ಲೇ 20, 30 ನಿಮಿಷ ಚಿಕಿತ್ಸೆ ಮಾಡುತ್ತಾನೆ, ಡಾಕ್ಟರ ಜೊತೆ ಮಾತಾಡಿ ಅಲ್ಲೇ ನಿಲ್ಲಿಸುವುದೂ ಉಂಟು. ನಮ್ಮಲ್ಲಿ 2008ರ ನವೆಂಬರ್ 1ರಂದು ಶುರುವಾದ ಆರೋಗ್ಯ ಕವಚ 108ರ ಗಾಡಿಯಲ್ಲಿ ಇರುವುದು ಸಾಮಾನ್ಯವಾಗಿ ಇಬ್ಬರು: ಇಎಂಟಿ ಮತ್ತು ಪೈಲಟ್, ಅಂದರೆ ಚಾಲಕ. ಗಾಡಿ ಹೊರಟ ಮೇಲೆ ಹಿಂದೆ ಇಎಂಟಿ ಒಬ್ಬನೇ. ಘಾಟಿಯ ತಿರುವಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಎದೆ ಒತ್ತಿದರೆ 5 ಸೆಂಟಿಮೀಟರ್ ಆಳ ಸಿಗುವುದು ಕಷ್ಟ. ಸಲಹೆಗೆ ಕಾಲ್ ಸೆಂಟರಿನ ಡಾಕ್ಟರಿಗೆ ಫೋನ್, ಸಿಗ್ನಲ್ ಇದ್ದರೆ. ಪಶ್ಚಿಮ ಘಟ್ಟದ ಕಥೆಗೆ ಇದಕ್ಕಿಂತ ದೊಡ್ಡ ಖಳ ಬೇಕಿಲ್ಲ.

ಸಾವನ್ನು ಇಲ್ಲಿ ಇಎಂಟಿ ಘೋಷಿಸುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ "ಬ್ರಾಟ್ ಡೆಡ್" ಎಂದು ಬರೆಯುತ್ತಾರೆ. ಅಪಘಾತ, ವಿಷ, ಸುಟ್ಟಗಾಯ, ಹಲ್ಲೆ ಎಲ್ಲವೂ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ ಲೀಗಲ್ ಕೇಸ್. ಠಾಣೆಗೆ ಮಾಹಿತಿ ಹೋಗುತ್ತದೆ, ಅಸಹಜ ಸಾವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194ನೇ ಕಲಮಿನಡಿ ಪೊಲೀಸರ ವಿಚಾರಣೆ, ಪೋಸ್ಟ್‌ಮಾರ್ಟಂ. ಮಾರನೆಯ ಬೆಳಿಗ್ಗೆಯೇ ಚರ್ಚಿನಲ್ಲಿ ಅಂತ್ಯಕ್ರಿಯೆ ಮಾಡಿಸುವ ಲೇಖಕರು ಶವ ಬಿಟ್ಟುಕೊಟ್ಟವರು ಯಾರು ಎಂದು ಯೋಚಿಸಲಿ. ಗಾಯಾಳುವನ್ನು ಆಸ್ಪತ್ರೆಗೆ ತಂದವನನ್ನು ಪೊಲೀಸರು ಹಿಡಿದು ಕೂರಿಸುವ ದೃಶ್ಯವೂ ಹಳತಾಯಿತು. 2016ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ಆದೇಶ, ಕರ್ನಾಟಕದ್ದೇ ಆದ 2016ರ ಕಾಯ್ದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಅವನಿಗೆ ರಕ್ಷಣೆ ಕೊಡುತ್ತವೆ. ಈ ಕಾಯ್ದೆಗಳಲ್ಲಿ ಅವನಿಗಿರುವ ಹೆಸರು ಗುಡ್ ಸಮಾರಿಟನ್, ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ನೆರವಾದ ಲೂಕ 10ರ ಸಮಾರ್ಯದವನದೇ.

ಸಾಯುವವನ ಮಾತು ಸಸ್ಪೆನ್ಸ್‌ಗೆ ಹಳೆಯ ಸರಕು, ಆದರೆ ಕ್ರೈಸ್ತ ಕಥೆಯಲ್ಲಿ ಅದಕ್ಕೆ ಎರಡು ಕಾನೂನು, ಕೋರ್ಟಿನದು ಮತ್ತು ಚರ್ಚಿನದು. ಅಮೆರಿಕದಲ್ಲಿ ಮರಣಕಾಲದ ಹೇಳಿಕೆ ಲೆಕ್ಕಕ್ಕೆ ಬರಬೇಕಾದರೆ ಹೇಳಿದವನಿಗೆ ತಾನು ಸಾಯುತ್ತಿದ್ದೇನೆ ಎಂಬ ನಂಬಿಕೆ ಇರಬೇಕು. ಭಾರತದಲ್ಲಿ ಹಾಗಿಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಡಿ ತನ್ನ ಸಾವಿನ ಕಾರಣದ ಬಗ್ಗೆ ಹೇಳಿದ್ದಾದರೆ ಸಾಕು, ಆಗ ಸಾವಿನ ನಿರೀಕ್ಷೆ ಇರಲೇಬೇಕೆಂದಿಲ್ಲ. ಆಂಬುಲೆನ್ಸ್‌ನಲ್ಲಿ ಇಎಂಟಿ ಕೇಳಿಸಿಕೊಂಡ ಮಾತನ್ನು ಅವನು ಕೋರ್ಟಿನಲ್ಲಿ ಹೇಳಬಹುದು. ಅದೇ ಮಾತನ್ನು ಪಾಪನಿವೇದನೆಯಾಗಿ ಫಾದರ್ ಕೇಳಿದರೆ ಕೆಥೋಲಿಕ್ ಚರ್ಚಿನ ಕಾನೂನಿನ 983ನೇ ವಿಧಿ ಬಾಯಿ ಕಟ್ಟುತ್ತದೆ. ಒಂದೇ ಸ್ಟ್ರೆಚರಿನ ಎರಡು ಬದಿಗೆ ಇಬ್ಬರನ್ನೂ ನಿಲ್ಲಿಸಿ ನೋಡಿ.

ಕಥೆಯ ಕುಟುಂಬ ಯಾವ ಕ್ರೈಸ್ತ ಪಂಗಡದ್ದು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಕೆಥೋಲಿಕರಾದರೆ ಫಾದರ್ ಬಂದು ರೋಗಿಗೆ ತೈಲ ಹಚ್ಚುತ್ತಾರೆ. ಆ ಸಂಸ್ಕಾರ ಬದುಕಿರುವವರಿಗೆ. ಜೀವ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೊಡಬೇಕು ಎನ್ನುತ್ತದೆ 1005ನೇ ವಿಧಿ. ಡಾಕ್ಟರು ಗಡಿಯಾರ ನೋಡುವ ನಿಮಿಷ ಹೀಗಾಗಿ ಫಾದರ್‌ಗೂ ಮುಖ್ಯ. ಹೆರಿಗೆ ಕೋಣೆಯಲ್ಲಿ ಮಗು ಉಳಿಯದು ಎಂಬ ಹೊತ್ತಿನಲ್ಲಿ 861ನೇ ವಿಧಿಯ ಪ್ರಕಾರ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ, ನರ್ಸ್ ಕೂಡ, ನೀರು ಸುರಿದು ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ದೀಕ್ಷಾಸ್ನಾನ ಕೊಡಬಹುದು. ಪ್ರೊಟೆಸ್ಟಂಟರಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬದಲ್ಲಿ ಅಯ್ಯನವರು, ಪೆಂತೆಕೋಸ್ತ್ ಕುಟುಂಬದಲ್ಲಿ ಪಾಸ್ಟರ್. ಅಲ್ಲಿ ಪಾಪನಿವೇದನೆಯ ಗುಟ್ಟು ಕಾಯುವ ಕಥೆ ಹೆಣೆದರೆ ಹೊಂದುವುದಿಲ್ಲ.

ಇದಕ್ಕೆ ಸೇರಿದಂತೆ, ನಮಗೆ ನಿಜಕ್ಕೂ ಸಿಟ್ಟು ಬರಿಸುವ ಒಂದು ದೃಶ್ಯವಿದೆ. ಬೇರೆ ಧರ್ಮದ ರೋಗಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದಾನೆ, ಇಎಂಟಿ ಅವನಿಗೆ ಸುವಾರ್ತೆ ಹೇಳುತ್ತಾನೆ, ಅವನು ಕಣ್ಣೀರಿಟ್ಟು ತಲೆಯಾಡಿಸುತ್ತಾನೆ. ಆ ಸ್ಥಿತಿಯಲ್ಲಿರುವವನು ಬೇಡ ಎನ್ನಬಲ್ಲನೇ? ತಲೆಯಾಡಿಸದಿದ್ದರೆ ಆಕ್ಸಿಜನ್ ತೆಗೆದಾರು ಎಂಬ ಹೆದರಿಕೆ ಅವನಿಗಿದ್ದರೆ? ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಛತ್ರದವನಿಗೆ ಎರಡು ದಿನಾರಿ ಕೊಟ್ಟ, ಹೋದ; ಉಪದೇಶ ಮಾಡಿದ ಎಂದು ಲೂಕ ಬರೆದಿಲ್ಲ. ಪಾತ್ರಕ್ಕೆ ಪ್ರಾರ್ಥಿಸಲೇಬೇಕಿದ್ದರೆ "ನಿಮಗಾಗಿ ಪ್ರಾರ್ಥಿಸಲೇ?" ಎಂದು ಕೇಳಲಿ, ಬೇಡ ಎಂದರೆ ಸುಮ್ಮನಾಗಲಿ. ಬೇಡ ಎನ್ನುವ ರೋಗಿ ಕಥೆಗೆ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಕೊನೆಯದಾಗಿ, ಇದೇ ಕೆಲಸದಲ್ಲಿದ್ದು ಬರೆಯುವವರಿಗೆ. ರೋಗಿಗಳ ಗೋಪ್ಯತೆ ಕಾಯುವ ಅಮೆರಿಕದ 1996ರ ಹಿಪಾ ಕಾಯ್ದೆಯ ನಿಯಮಗಳಲ್ಲಿ ರೋಗಿಯನ್ನು ಗುರುತಿಸಬಲ್ಲ 18 ಬಗೆಯ ವಿವರಗಳ ಪಟ್ಟಿ ಇದೆ. ಹೆಸರಿನ ಜೊತೆಗೆ ದಿನಾಂಕ, ಊರು, ವಾಹನದ ಸಂಖ್ಯೆಯೂ ಅದರಲ್ಲಿ ಸೇರಿವೆ. ನಮ್ಮ ಕಡೆ ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 72ರ ಪ್ರಕಾರ ಅಪರಾಧ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು: ಮೂವತ್ತರ ಶಿಕ್ಷಕಿ, ಹಬ್ಬದ ಹಿಂದಿನ ರಾತ್ರಿ, ಸೇತುವೆಯ ಹತ್ತಿರ ಎಂದರೆ ಇಡೀ ತಾಲ್ಲೂಕಿಗೆ ಗೊತ್ತಾಗುತ್ತದೆ. ವಯಸ್ಸು, ಉದ್ಯೋಗ, ಋತು, ಜಾಗ ಎಲ್ಲವನ್ನೂ ಬದಲಿಸಿ. ಅಪಘಾತದ ಬಗೆಯನ್ನು ಬದಲಿಸುವಾಗ ಮಾತ್ರ ಎಚ್ಚರ. ಬೈಕನ್ನು ಕಾರು ಮಾಡಿದರೆ ಗಾಯಗಳೂ ಬದಲಾಗಬೇಕು; ಬೈಕಿನವನಿಗೆ ತಲೆ, ತೊಡೆಮೂಳೆ, ಚರ್ಮ ತರಚಿದ ಗಾಯ, ಕಾರಿನವನಿಗೆ ಎದೆಯ ಮೇಲೆ ಅಡ್ಡಕ್ಕೆ ಸೀಟ್‌ಬೆಲ್ಟಿನ ಕಂದುಗುರುತು ಮತ್ತು ಹೊಟ್ಟೆಯೊಳಗೆ ಕಾಣದ ರಕ್ತಸ್ರಾವ. ಹಸ್ತಪ್ರತಿಯನ್ನು ಒಬ್ಬ ಕ್ಯಾಶುವಾಲಿಟಿ ನರ್ಸ್ ಮತ್ತು ಒಬ್ಬ ಆಂಬುಲೆನ್ಸ್ ಪೈಲಟ್ ಕೈಯಲ್ಲಿ ಓದಿಸಿ. ಡೋಸ್ ತಪ್ಪಿದ್ದರೆ ನರ್ಸ್ ಹಿಡಿಯುತ್ತಾರೆ. ಆಗುಂಬೆಯಿಂದ ಮಣಿಪಾಲಕ್ಕೆ ನೀವು ಬರೆದಷ್ಟು ನಿಮಿಷದಲ್ಲಿ ಗಾಡಿ ಇಳಿಯುತ್ತದೆಯೇ ಎಂದು ಪೈಲಟ್ ಹೇಳುತ್ತಾರೆ.

ಇಂತಿ,
ತುರ್ತು ಚಿಕಿತ್ಸೆಯ ಇಬ್ಬರು ತರಬೇತುದಾರರು,
ಮಂಗಳೂರು